ಕೊಂಡ ಅನುಯಾಯಿಗಳು, ಕಳೆಯುವ ಪತ್ತು

ವ್ಯಾಪಾರಕ್ಕೆ ಬೇಕಾಗುವ ಬಂಡವಾಳವು ಎರಡು ಬಗೆಯದು. ಒಂದು, ತಿಜೋರಿಯಲ್ಲಿರುವ ಹಣ. ಇನ್ನೊಂದು, ಜನರ ಮನಸ್ಸಿನಲ್ಲಿರುವ ವಿಶ್ವಾಸ. ಮೊದಲನೆಯದನ್ನು ಸಾಲವಾಗಿಯಾದರೂ ತರಬಹುದು. ಎರಡನೆಯದನ್ನು ದಿನದಿನವೂ ಗಳಿಸಿಯೇ ಕೂಡಿಡಬೇಕು. ಉತ್ತರ ಕರ್ನಾಟಕದ ವ್ಯವಹಾರಭಾಷೆಯಲ್ಲಿ ಈ ಎರಡನೆಯ ಬಂಡವಾಳಕ್ಕೆ ‘ಪತ್ತು’ ಎಂದು ಹೆಸರು. ಒಬ್ಬ ವ್ಯಾಪಾರಿಯ ಪತ್ತು ಚೆನ್ನಾಗಿದೆಯೆಂದು ಸಂತೆಯಲ್ಲಿ ನಾಲ್ಕು ಜನ ನುಡಿದರೆ ಅದು ಕಾಗದಪತ್ರಕ್ಕಿಂತಲೂ ಬಲವಾದ ಆಧಾರವೆನಿಸುತ್ತಿತ್ತು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದ ಮರುವರ್ಷವೇ ಗದಗಿನ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ಸಹಕಾರಿ ಸಂಘವು ಹುಟ್ಟಿದುದು ಈ ಪತ್ತಿನ ತಳಹದಿಯ ಮೇಲೆಯೇ. ಒತ್ತೆಯಿಡಲು ಬಂಗಾರವಿಲ್ಲದ ರೈತನಿಗೆ ನೆರೆಯವರ ವಿಶ್ವಾಸವೇ ಜಾಮೀನಾಗಬಲ್ಲದೆಂಬುದು ಇಂಥ ಸಂಘಗಳ ಮೂಲತತ್ತ್ವವಾಗಿದ್ದಿತು.

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ವ್ಯಾಪಾರವೂ ಇಂಥ ಪತ್ತಿನಿಂದಲೇ ಬೆಳೆದುದು. ಗೋಕಾಕದ ಕರದಂಟು ಕರ್ನಾಟಕದ ಮನೆಮನೆಗಳಿಗೆ ಹೋದುದು ಯಾವ ಜಾಹೀರಾತಿನ ಬಲದಿಂದಲೂ ಅಲ್ಲ. ಕರಿದ ಅಂಟು, ಒಣಹಣ್ಣು, ಬೆಲ್ಲ, ತುಪ್ಪಗಳು ಹದವಾಗಿ ಕೂಡಿದ ಆ ತಿನಿಸನ್ನು ಒಮ್ಮೆ ತಿಂದವರು ಮತ್ತೊಬ್ಬರಿಗೆ ಹೇಳಿದುದರಿಂದ. ಹುಕ್ಕೇರಿ ತಾಲೂಕಿನ ಸಂಕೇಶ್ವರದ ಹೆಸರು ಅಲ್ಲಿಯ ಮೆಣಸಿನಕಾಯಿಯೊಡನೆ ಅಂಟಿಕೊಂಡುದೂ ಹೀಗೆಯೇ. ಗೋಕಾಕ ತಾಲೂಕಿನಿಂದ ಬೇರ್ಪಟ್ಟು ಸ್ವತಂತ್ರ ತಾಲೂಕಾದ ಮೂಡಲಗಿಯ ಸುತ್ತಿನ ಕಬ್ಬು, ಬೆಲ್ಲ, ಅರಿಶಿನಗಳಿಗೂ ಕೊಳ್ಳುವವರು ಬರುವುದು ಮಾಲನ್ನು ಕೈಯಿಂದ ಮುಟ್ಟಿ, ಮೂಸಿ, ತೂಗಿ ನೋಡಿದ ಅನುಭವದಿಂದ. ಇಲ್ಲಿ ಊರಿನ ಹೆಸರೇ ಸರಕಿನ ಮುದ್ರೆ.

ಈಗ ಈ ಪೇಟೆಗೆ ಹೊಸದೊಂದು ಬೀದಿ ಕೂಡಿದೆ. ಅದು ಅಂಗೈಯಲ್ಲಿಯ ಮೊಬೈಲಿನ ಬೀದಿ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಯೂಟ್ಯೂಬ್ ಮೊದಲಾದ ಸಾಮಾಜಿಕ ಜಾಲತಾಣಗಳಲ್ಲಿ ಅಂಗಡಿಕಾರನು ತನ್ನದೊಂದು ಪುಟವನ್ನು ತೆರೆಯುತ್ತಾನೆ. ಸರಕಿನ ಚಿತ್ರಗಳನ್ನು ಹಾಕುತ್ತಾನೆ. ಅವನ್ನು ಮುಂದೆಯೂ ನೋಡಬೇಕೆನ್ನುವವರು ಆ ಪುಟದ ‘ಫಾಲೋವರ್’ ಆಗುತ್ತಾರೆ. ಬೆಂಗಳೂರು, ಪುಣೆ, ದೂರದ ಅಮೆರಿಕೆಗಳಲ್ಲಿ ನೆಲೆಸಿರುವ ಕನ್ನಡಿಗರಿಗೂ ಗೋಕಾಕದ ಒಂದು ಚಿಕ್ಕ ಅಂಗಡಿಯು ಹೀಗೆ ಕಾಣಿಸಿಕೊಳ್ಳಬಲ್ಲುದು. ಇದು ಸಾಮಾನ್ಯವಾದ ಅನುಕೂಲವಲ್ಲ. ಹಿಂದಿನ ಕಾಲದಲ್ಲಿ ಇಂಥ ಪರಿಚಯಕ್ಕೆ ಒಂದು ತಲೆಮಾರೇ ಬೇಕಾಗುತ್ತಿತ್ತು. ಆದುದರಿಂದ ಈ ಸಾಧನವನ್ನೇ ನಿಂದಿಸುವುದು ಅವಿವೇಕ. ವಿಚಾರ ಮಾಡಬೇಕಾದುದು, ಈ ಸಾಧನದ ಬೆನ್ನ ಹಿಂದೆಯೇ ಬಂದು ನಿಂತಿರುವ ಒಂದು ವಂಚನೆಯ ವ್ಯಾಪಾರವನ್ನು. ಅದೇ ಅನುಯಾಯಿಗಳ ಕ್ರಯವಿಕ್ರಯ.

ಅನುಯಾಯಿ ಎಂಬ ಶಬ್ದದ ಅರ್ಥವನ್ನು ಒಮ್ಮೆ ನೋಡಬೇಕು. ‘ಅನು’ ಎಂದರೆ ಹಿಂದೆ; ‘ಯಾ’ ಎಂದರೆ ಹೋಗುವುದು. ಹಿಂದೆ ನಡೆದು ಬರುವವನು ಅನುಯಾಯಿ. ನಡೆಯಬೇಕಾದರೆ ಕಾಲಿರಬೇಕು; ಬರಬೇಕೆಂಬ ಮನಸ್ಸೂ ಇರಬೇಕು. ಹಣಕ್ಕೆ ಮಾರುವ ಅನುಯಾಯಿಗಳಿಗೆ ಈ ಎರಡೂ ಇರುವುದಿಲ್ಲ. ‘ಇಷ್ಟು ರೂಪಾಯಿ ಕೊಟ್ಟರೆ ಇಷ್ಟು ಸಾವಿರ ಫಾಲೋವರ್’ ಎಂದು ಸಾರುವ ಮಾರಾಟಗಾರರು ಒದಗಿಸುವುದು ಸಾಮಾನ್ಯವಾಗಿ ನಾಲ್ಕು ಬಗೆಯ ಖಾತೆಗಳನ್ನು. ಕೆಲವು, ಮನುಷ್ಯನೇ ಇಲ್ಲದೆ ಗಣಕಯಂತ್ರದ ಕ್ರಮವಿಧಿಯಿಂದ ನಡೆಯುವ ‘ಬಾಟ್’ ಎಂಬ ಹುಸಿ ಖಾತೆಗಳು. ಕೆಲವು, ಒಂದೇ ಕೋಣೆಯಲ್ಲಿ ಹತ್ತಾರು ಮೊಬೈಲುಗಳನ್ನಿಟ್ಟುಕೊಂಡು ಅಲ್ಪಕೂಲಿಗೆ ಗುಂಡಿಯೊತ್ತುವವರು ನಡೆಸುವ ಖಾತೆಗಳು. ಕೆಲವು, ನಿಜವಾದ ವ್ಯಕ್ತಿಗಳಿಂದ ಕದ್ದು ತಂದವು. ಇನ್ನು ಕೆಲವು, ತಮ್ಮ ಪುಟವೂ ಬೆಳೆಯಲೆಂಬ ಆಸೆಯಿಂದ ಗುಪ್ತಸಂಕೇತವನ್ನೇ ಅಪರಿಚಿತರಿಗೆ ಒಪ್ಪಿಸಿ, ತಾವು ಅರಿಯದ ನೂರಾರು ಪುಟಗಳಿಗೆ ಅನುಯಾಯಿಗಳಾಗಿ ಬಿಟ್ಟವರ ಖಾತೆಗಳು. ಇವರಲ್ಲಿ ಯಾರೊಬ್ಬರೂ ಅರ್ಧ ಕಿಲೋ ಕರದಂಟನ್ನು ಕೊಳ್ಳಬೇಕೆಂದು ಬಂದವರಲ್ಲ.

ಈ ವ್ಯಾಪಾರದ ಒಳಹೂರಣವು ಜಗತ್ತಿಗೆ ತಿಳಿದುದು 2018ರ ಜನವರಿಯಲ್ಲಿ. ಅಮೆರಿಕೆಯ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯು ‘ಡೆವುಮಿ’ ಎಂಬ ಸಂಸ್ಥೆಯನ್ನು ಕುರಿತು ಒಂದು ದೀರ್ಘ ತನಿಖಾವರದಿಯನ್ನು ಪ್ರಕಟಿಸಿತು. ಆ ವರದಿಯ ಪ್ರಕಾರ, ಸುಮಾರು 35 ಲಕ್ಷ ಯಾಂತ್ರಿಕ ಖಾತೆಗಳನ್ನಿಟ್ಟುಕೊಂಡಿದ್ದ ಆ ಸಂಸ್ಥೆ ಒಂದೊಂದನ್ನೂ ಮತ್ತೆ ಮತ್ತೆ ಮಾರಿ, 20 ಕೋಟಿಗೂ ಮಿಕ್ಕಿ ಟ್ವಿಟರ್ ಅನುಯಾಯಿಗಳನ್ನು ಗಿರಾಕಿಗಳಿಗೆ ಒದಗಿಸಿತ್ತು. ಇನ್ನೂ ಹೇಯವಾದ ಸಂಗತಿಯೆಂದರೆ, ಅವುಗಳಲ್ಲಿ 55 ಸಾವಿರದಷ್ಟು ಖಾತೆಗಳು ಬದುಕಿರುವ ನಿಜವಾದ ಜನರ ಹೆಸರು, ಭಾವಚಿತ್ರ, ಊರುಗಳನ್ನು ಕದ್ದು ಕಟ್ಟಿದವುಗಳಾಗಿದ್ದವು. 2019ರಲ್ಲಿ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಅವರು ಈ ಮಾರಾಟವು ಕಾನೂನುಬಾಹಿರವೆಂದು ಸಾರಿದರು. ಅದೇ ವರ್ಷದ ಅಕ್ಟೋಬರದಲ್ಲಿ ಅಮೆರಿಕೆಯ ಫೆಡರಲ್ ಟ್ರೇಡ್ ಕಮಿಷನ್ನು ಸಂಸ್ಥೆಯ ಒಡೆಯನ ಮೇಲೆ 25 ಲಕ್ಷ ಡಾಲರಿನ ಹೊಣೆಯನ್ನು ಹೊರಿಸುವ ಒಪ್ಪಂದವನ್ನು ಪ್ರಕಟಿಸಿತು. 2024ರ ಅಕ್ಟೋಬರದಿಂದ ಆ ದೇಶದಲ್ಲಿ ಜಾರಿಗೆ ಬಂದ ನಿಯಮವಂತೂ, ವ್ಯಾಪಾರಕ್ಕಾಗಿ ಹುಸಿ ಅನುಯಾಯಿಗಳನ್ನು ತಿಳಿದೂ ಮಾರುವವನನ್ನು ಮಾತ್ರವಲ್ಲ, ಕೊಳ್ಳುವವನನ್ನೂ ತಪ್ಪಿತಸ್ಥನೆಂದು ಎಣಿಸುತ್ತದೆ. ಇದು ಕೇವಲ ಪರದೇಶದ ರೋಗವೆಂದು ನೆಮ್ಮದಿಯಿಂದಿರುವಂತೆಯೂ ಇಲ್ಲ. 2020ರ ಜುಲೈ ತಿಂಗಳಲ್ಲಿ ಮುಂಬಯಿ ಪೋಲೀಸರು ಇಂಥದೇ ಮಾರಾಟದ ಜಾಲವೊಂದರ ಮೇಲೆ ಮೊಕದ್ದಮೆಯನ್ನು ದಾಖಲಿಸಿ ಬಂಧನವನ್ನೂ ಮಾಡಿದರು.

ಇಷ್ಟಾದರೂ ತರುಣ ವ್ಯಾಪಾರಿಯ ಮಾತನ್ನು ಕೇಳದೆ ತೀರ್ಪು ಕೊಡುವುದು ನ್ಯಾಯವಲ್ಲ. ಅವನ ವಾದವು ಹೀಗಿದೆ: ‘ಖಾಲಿ ಅಂಗಡಿಗೆ ಗಿರಾಕಿ ಕಾಲಿಡುವುದಿಲ್ಲ, ನಾಲ್ಕು ಜನ ನಿಂತ ಕಡೆಗೆ ಐದನೆಯವನು ಬರುತ್ತಾನೆ. ಪಕ್ಕದ ಊರಿನವನ ಪುಟಕ್ಕೆ ಐವತ್ತು ಸಾವಿರ ಅನುಯಾಯಿಗಳು. ಹೊಸದಾಗಿ ತೆರೆದ ಪುಟಕ್ಕೆ ಇನ್ನೂರು. ಮೊದಲಿಗೆ ಹತ್ತು ಸಾವಿರವನ್ನು ಕೊಂಡು ನಿಲ್ಲಿಸಿದರೆ ನಿಜವಾದವರು ತಾವಾಗಿಯೇ ಬರುತ್ತಾರೆ. ಇದರಿಂದ ಯಾರಿಗೆ ಏನು ಕೆಡುಕು?’ ಮೇಲುನೋಟಕ್ಕೆ ಈ ಮಾತು ಯುಕ್ತವಾಗಿಯೇ ತೋರುತ್ತದೆ. ಆದರೆ ಇದರಲ್ಲಿ ಅಡಗಿರುವ ಹಾನಿಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಇದು ತನ್ನ ಬಾವಿಗೆ ತಾನೇ ಮಣ್ಣು ಹಾಕಿಕೊಳ್ಳುವ ಕೆಲಸವೆಂಬುದು ಸ್ಪಷ್ಟವಾಗುತ್ತದೆ.

ಮೊದಲನೆಯದು ಲೆಕ್ಕದ ಹಾನಿ. ಒಂದು ಅಂಗಡಿಯ ಪುಟಕ್ಕೆ 800 ಜನ ನಿಜವಾದ ಅನುಯಾಯಿಗಳಿರುವರೆಂದೂ, ಹಾಕಿದ ಚಿತ್ರವನ್ನು ಅವರಲ್ಲಿ 80 ಜನ ಮೆಚ್ಚಿ, ಬೆಲೆ ಕೇಳಿ, ಇತರರಿಗೆ ಕಳಿಸುವರೆಂದೂ ಭಾವಿಸೋಣ. ಆಗ ನೂರಕ್ಕೆ ಹತ್ತು ಜನ ಸ್ಪಂದಿಸಿದಂತಾಯಿತು. ಈಗ ಅದೇ ಅಂಗಡಿಕಾರನು ಹಣಕೊಟ್ಟು 10,000 ಹುಸಿ ಅನುಯಾಯಿಗಳನ್ನು ತಂದನೆನ್ನಿ. ಒಟ್ಟು ಸಂಖ್ಯೆ 10,800 ಆಯಿತು. ಸ್ಪಂದಿಸುವವರು ಮಾತ್ರ ಅದೇ 80. ನೂರಕ್ಕೆ ಒಬ್ಬನೂ ಅಲ್ಲ! ಜಾಲತಾಣಗಳು ಪ್ರತಿಯೊಂದು ಚಿತ್ರವನ್ನೂ ಎಲ್ಲ ಅನುಯಾಯಿಗಳ ಕಣ್ಣಿಗೆ ಒಡ್ಡುವುದಿಲ್ಲ. ಯಾರು ಅದನ್ನು ಇಷ್ಟಪಟ್ಟಾರು ಎಂಬುದನ್ನು ಯಂತ್ರವೇ ಊಹಿಸಿ, ಜನರು ತೋರುವ ಆಸ್ಥೆಯನ್ನು ನೋಡಿಕೊಂಡು ಮುಂದಕ್ಕೆ ಹರಡುತ್ತದೆ. ಯಾರೂ ತಿರುಗಿ ನೋಡದ ಚಿತ್ರವು ನೀರಸವೆಂದು ಅದು ಬಗೆದರೆ ಅಚ್ಚರಿಯಿಲ್ಲ. ಹೀಗೆ ಕೊಂಡ ಹತ್ತು ಸಾವಿರ ಮೂಕರು, ಮಾತನಾಡಬಲ್ಲ ಎಂಟುನೂರು ಜನರಿಗೂ ಸರಕು ಕಾಣದಂತೆ ಅಡ್ಡಗೋಡೆಯಾಗಿ ನಿಲ್ಲುತ್ತಾರೆ. ಜನರನ್ನು ಕರೆಯಲೆಂದು ತಂದವರೇ ಬಾಗಿಲನ್ನು ಮುಚ್ಚಿದಂತಾಗುತ್ತದೆ.

ಎರಡನೆಯದು ಎಣಿಕೆ ತಪ್ಪಿ ಬರುವ ಹಾನಿ. ಕೀರ್ದಿ-ಖತಾವಣಿಗಳನ್ನು ಸರಿಯಾಗಿ ಬರೆಯುವುದು ತೆರಿಗೆಯ ಅಧಿಕಾರಿಗಳಿಗಾಗಿ ಮಾತ್ರವಲ್ಲ. ತನ್ನ ನಿಜಸ್ಥಿತಿ ತನಗೆ ತಿಳಿದಿರಲೆಂದು. ಅನುಯಾಯಿಗಳ ಪಟ್ಟಿಯೂ ವ್ಯಾಪಾರಿಗೆ ಒಂದು ಬಗೆಯ ಖಾತೆಯ ಪುಸ್ತಕವೇ. ಯಾವ ಊರಿನವರು ತನ್ನ ಸರಕನ್ನು ಮೆಚ್ಚುತ್ತಾರೆ, ಯಾವ ವಯಸ್ಸಿನವರು ಹೆಚ್ಚು ಕೇಳುತ್ತಾರೆ, ಹಬ್ಬಕ್ಕೆ ಎಷ್ಟು ಮಾಲನ್ನು ಸಿದ್ಧಪಡಿಸಬೇಕು ಎಂಬ ಸೂಚನೆಗಳು ಅದರಿಂದ ದೊರೆಯುತ್ತವೆ. ಹುಸಿ ಹೆಸರುಗಳು ಅದರಲ್ಲಿ ಬೆರೆತ ಮೇಲೆ ಕಾಳಿನಲ್ಲಿ ಕಲ್ಲು ಬೆರೆತಂತೆ. ಪಂಚಮಿಗೆ, ದೀಪಾವಳಿಗೆ ಆ ಸಂಖ್ಯೆಯನ್ನೇ ನಂಬಿ ತುಪ್ಪ, ಗೋಡಂಬಿ, ಬಾದಾಮಿಗಳನ್ನು ಉದರಿ ತಂದು ಮಾಲು ಮಾಡಿದವನು, ಹಬ್ಬ ಕಳೆದ ಮೇಲೆ ಉಳಿದುದನ್ನು ಯಾರಿಗೆ ಮಾರಬೇಕು? ತಿನ್ನುವ ಪದಾರ್ಥಕ್ಕೆ ಆಯುಷ್ಯವಿದೆ. ತಂದ ಸಾಲಕ್ಕೆ ಬಡ್ಡಿಯಿದೆ. ಪರದೆಯ ಮೇಲಿನ ಸಂಖ್ಯೆಯು ಇವೆರಡರಲ್ಲಿ ಯಾವುದಕ್ಕೂ ಹೊಣೆಯಾಗುವುದಿಲ್ಲ.

ಮೂರನೆಯದು ಮುಗಿಯದ ವೆಚ್ಚ. ಹತ್ತು ಸಾವಿರ ಅನುಯಾಯಿಗಳಿರುವ ಪುಟದಲ್ಲಿ ಒಂದು ಚಿತ್ರಕ್ಕೆ ಮೂವತ್ತು ಮೆಚ್ಚುಗೆಗಳು ಮಾತ್ರ ಕಂಡರೆ ನೋಡಿದವರಿಗೆ ಅನುಮಾನ ಹುಟ್ಟುತ್ತದೆ. ಅದನ್ನು ಮುಚ್ಚಲು ಮೆಚ್ಚುಗೆಗಳನ್ನು ಕೊಳ್ಳಬೇಕು. ಮೆಚ್ಚುಗೆಗಳಿಗೆ ತಕ್ಕ ಟಿಪ್ಪಣಿಗಳನ್ನು ಕೊಳ್ಳಬೇಕು. ಟಿಪ್ಪಣಿಗಳಿಗೆ ತಕ್ಕಂತೆ ‘ಬಹಳ ರುಚಿ’ ಎಂಬ ಹುಸಿ ಪ್ರಶಸ್ತಿಗಳನ್ನು ಕೊಳ್ಳಬೇಕು. ಒಂದು ಸುಳ್ಳನ್ನು ಕಾಯಲು ಹತ್ತು ಸುಳ್ಳುಗಳನ್ನು ಕಾವಲಿಡುವ ಹಳೆಯ ಕಥೆಯೇ ಇದು. ಇಷ್ಟಾದ ಮೇಲೂ ಆ ಸಂಖ್ಯೆ ನಿಲ್ಲುವ ಭರವಸೆಯಿಲ್ಲ. 2014ರ ಡಿಸೆಂಬರದಲ್ಲಿ ಇನ್‌ಸ್ಟಾಗ್ರಾಮ್ ಸಂಸ್ಥೆಯು ಹುಸಿ ಖಾತೆಗಳನ್ನು ಅಳಿಸಿಹಾಕಿದಾಗ ಜಗತ್ತಿನ ಅನೇಕ ಪ್ರಸಿದ್ಧರ ಅನುಯಾಯಿಗಳ ಸಂಖ್ಯೆ ಒಂದೆರಡು ದಿನಗಳಲ್ಲಿಯೇ ಕುಸಿಯಿತು. ಈಗ ಎಕ್ಸ್ ಎಂದು ಹೆಸರು ಬದಲಿಸಿಕೊಂಡಿರುವ ಟ್ವಿಟರ್ 2018ರ ಜುಲೈಯಲ್ಲಿ ಸಂದೇಹಾಸ್ಪದವೆಂದು ಬಂದು ಮಾಡಿದ್ದ ಖಾತೆಗಳನ್ನು ಎಣಿಕೆಯಿಂದಲೇ ತೆಗೆದುಹಾಕಿತು. ಕೊಂಡ ಸರಕು ಹೀಗೆ ರಾತ್ರೋರಾತ್ರಿ ಮಾಯವಾದರೆ ಯಾವ ಪಾವತಿಯನ್ನು ಹಿಡಿದು ಯಾರ ಬಾಗಿಲಿಗೆ ಹೋಗಬೇಕು? ಮಾರಿದವನಿಗೆ ಅಂಗಡಿಯಿಲ್ಲ, ವಿಳಾಸವಿಲ್ಲ. ಕೆಲವೊಮ್ಮೆ ಅವನಿಗೆ ಒಪ್ಪಿಸಿದ ಗುಪ್ತಸಂಕೇತದೊಡನೆ ಪುಟವೇ ಕೈತಪ್ಪಿ ಹೋಗುವುದೂ ಉಂಟು.

ಕಾನೂನಿನ ಮಾತೂ ಇದೆ. ಭಾರತದಲ್ಲಿ 2019ರ ಗ್ರಾಹಕ ಸಂರಕ್ಷಣ ಕಾಯಿದೆಯು 2020ರ ಜುಲೈಯಿಂದ ಜಾರಿಯಲ್ಲಿದೆ. ದಾರಿತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣ ಪ್ರಾಧಿಕಾರವು ಮೊದಲ ಸಲ 10 ಲಕ್ಷ ರೂಪಾಯಿಗಳವರೆಗೆ, ಮತ್ತೆ ತಪ್ಪಿದರೆ 50 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಲ್ಲದು. ಗ್ರಾಹಕರ ಅಭಿಪ್ರಾಯಗಳನ್ನು ಜಾಲದಲ್ಲಿ ಪ್ರಕಟಿಸುವ ರೀತಿಯನ್ನು ಕುರಿತು ಭಾರತೀಯ ಮಾನಕ ಸಂಸ್ಥೆಯು 2022ರಲ್ಲಿ ಒಂದು ಮಾನಕವನ್ನೇ ಹೊರಡಿಸಿದೆ. ಕೊಂಡ ಸಂಖ್ಯೆಯನ್ನು ಮುಂದಿಟ್ಟು ‘ಇಷ್ಟು ಲಕ್ಷ ಜನರ ಮೆಚ್ಚಿನ ಅಂಗಡಿ’ ಎಂದು ಹೊಗಳಿಕೊಳ್ಳುವವನು ತಾನು ಎಂಥ ಅಂಚಿನಲ್ಲಿ ನಿಂತಿದ್ದೇನೆಂಬುದನ್ನು ಅರಿಯಬೇಕು.

ಆದರೆ ಈ ಎಲ್ಲ ಹಾನಿಗಳಿಗಿಂತಲೂ ಮಿಗಿಲಾದುದು ಪತ್ತಿನ ಹಾನಿ. ಸಣ್ಣ ಊರುಗಳಲ್ಲಿ ಯಾರ ವ್ಯಾಪಾರ ಎಷ್ಟೆಂಬುದು ಎಲ್ಲರಿಗೂ ಗೊತ್ತು. ದಿನಕ್ಕೆ ಇಪ್ಪತ್ತು ಜನ ಗಿರಾಕಿಗಳು ಬರುವ ಅಂಗಡಿಗೆ ಲಕ್ಷ ಅನುಯಾಯಿಗಳೆಂದರೆ ಎದುರಿನ ಚಹಾದಂಗಡಿಯವನೇ ಮೊದಲು ನಗುತ್ತಾನೆ. ದೂರದ ಸಗಟು ಕೊಳ್ಳುವವನೂ ಮೂಢನಲ್ಲ. ಒಂದೇ ವಾರದಲ್ಲಿ ಸಂಖ್ಯೆ ಗಕ್ಕನೆ ಏರಿದುದು, ಕನ್ನಡವನ್ನೇ ಅರಿಯದ ದೇಶಗಳ ಹೆಸರುಗಳು ಪಟ್ಟಿಯಲ್ಲಿ ತುಂಬಿರುವುದು, ಸಂಕೇಶ್ವರದ ಮೆಣಸಿನಕಾಯಿಯ ಚಿತ್ರದ ಕೆಳಗೆ ಸಂಬಂಧವಿಲ್ಲದ ಹೊಗಳಿಕೆಗಳು ಸಾಲುಗಟ್ಟಿರುವುದು, ಇವು ಅವನಿಗೆ ಒಂದು ನೋಟಕ್ಕೆ ತಿಳಿಯುತ್ತವೆ. ಎಣಿಕೆಯಲ್ಲಿ ಸುಳ್ಳಾಡಿದವನು ತೂಕದಲ್ಲಿ ನಿಜವಾಡುವನೆಂದು ಅವನು ಹೇಗೆ ನಂಬಬೇಕು? ತುಪ್ಪದ ಬದಲು ಡಾಲ್ಡಾ ಬಳಸಿಲ್ಲವೆಂಬ ಮಾತಿಗೆ ಆಗ ಯಾವ ಬೆಲೆ? ಅನುಯಾಯಿಗಳ ವಿಷಯದಲ್ಲಿ ಹುಟ್ಟಿದ ಸಂಶಯವು ಸರಕಿನವರೆಗೆ ಇಳಿಯದೆ ಬಿಡುವುದಿಲ್ಲ.

ಸಂಶಯವು ಒಬ್ಬನಲ್ಲಿಯೇ ನಿಲ್ಲುವುದೂ ಇಲ್ಲ. ‘ಗೋಕಾಕದ ಕರದಂಟು’ ಎಂಬ ಹೆಸರಿನಲ್ಲಿ ಗೋಕಾಕವು ಯಾವ ಒಬ್ಬ ಅಂಗಡಿಕಾರನ ಸ್ವತ್ತೂ ಅಲ್ಲ. ಅದು ಕಡಾಯಿಯ ಮುಂದೆ ಬೆವರು ಸುರಿಸಿದ ಹಲವು ತಲೆಮಾರುಗಳ ಸಾಮಾಯಿಕ ಆಸ್ತಿ. ಊರಹೆಸರನ್ನು ಹೊತ್ತ ಒಂದು ಪುಟದ ಬಣ್ಣ ಬಯಲಾದರೆ ದೂರದ ಗಿರಾಕಿಯು ಅಂಗಡಿಯ ಹೆಸರನ್ನು ಮರೆಯುತ್ತಾನೆ. ಊರಿನ ಹೆಸರನ್ನು ನೆನಪಿಟ್ಟುಕೊಳ್ಳುತ್ತಾನೆ. ಒಂದು ಪೈಸೆಯ ಸುಳ್ಳನ್ನೂ ಆಡದೆ ಅದೇ ಬೀದಿಯಲ್ಲಿ ಕುಳಿತ ಮುದಿವ್ಯಾಪಾರಿಯೂ, ಮನೆಯಲ್ಲಿಯೇ ತಿನಿಸು ಮಾಡಿ ಮಾರಿ ಮಕ್ಕಳನ್ನು ಓದಿಸುವ ತಾಯಿಯೂ ಆ ದಂಡವನ್ನು ತೆರಬೇಕಾಗುತ್ತದೆ. ಈ ಕಾರಣದಿಂದ ಇದು ಒಬ್ಬನ ಖಾಸಗಿ ಚಪಲವೆಂದು ಬಿಟ್ಟುಬಿಡುವ ವಿಷಯವಲ್ಲ.

ಈ ಸಂದರ್ಭದಲ್ಲಿ ಗೋಕಾಕದ ಇನ್ನೊಂದು ಹಿರಿಯ ಕಸಬು ನೆನಪಾಗುವುದು ಸಹಜ. ಅಲ್ಲಿಯ ಚಿತ್ರಗಾರರು ಹಗುರವಾದ ಮರದಿಂದ ಬಾಳೆ, ಮಾವು, ಬದನೆಗಳನ್ನು ಕೆತ್ತಿ ಬಣ್ಣವಿಟ್ಟರೆ ನೋಡಿದವರ ಕೈ ತಾನಾಗಿಯೇ ಅದರತ್ತ ಚಾಚುತ್ತದೆ. ಅನುಕರಣವೇ ಆ ಕಲೆಯ ಜೀವಾಳ. ಆದರೂ ಅದರಲ್ಲಿ ವಂಚನೆಯಿಲ್ಲ. ಏಕೆಂದರೆ ಕಲೆಗಾರನು ಅದನ್ನು ಆಟಿಗೆಯೆಂದು ಮಾರುತ್ತಾನೆಯೇ ಹೊರತು ಹಣ್ಣೆಂದು ಮಾರುವುದಿಲ್ಲ. ಕೊಂಡ ಅನುಯಾಯಿಗಳಾದರೋ ಹಣ್ಣಿನ ಬುಟ್ಟಿಯಲ್ಲಿ ಬೆರೆಸಿಟ್ಟ ಮರದ ಹಣ್ಣುಗಳು. ಬುಟ್ಟಿ ತುಂಬಿ ತೋರುತ್ತದೆ, ನಿಜ. ಕೊಂಡವನು ಮನೆಗೆ ಹೋಗಿ ಕಚ್ಚಿದಾಗ ಹಲ್ಲಿಗೆ ತಿಳಿಯುತ್ತದೆ. ಆಮೇಲೆ ಅವನು ನಿಜವಾದ ಹಣ್ಣನ್ನೂ ಚಿವುಟಿ ನೋಡದೆ ಕೊಳ್ಳಲಾರ.

ಹಾಗಾದರೆ ಹಣ ಕೊಟ್ಟು ಪ್ರಚಾರ ಮಾಡುವುದೇ ತಪ್ಪೇ? ಅಲ್ಲ. ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಜಾಲತಾಣಕ್ಕೆ ನೇರವಾಗಿ ಹಣ ತೆತ್ತು, ‘ಪ್ರಾಯೋಜಿತ’ ಎಂಬ ಗುರುತಿನೊಡನೆ, ಇಂಥ ಊರಿನ ಇಂಥ ವಯಸ್ಸಿನ ಜನರಿಗೆ ಸರಕನ್ನು ತೋರಿಸಿರೆಂದು ಕೇಳುವುದು ಶುದ್ಧ ಜಾಹೀರಾತು. ಪತ್ರಿಕೆಯಲ್ಲಿ ಅರ್ಧ ಪುಟವನ್ನು ಕೊಂಡಂತೆ ಅದು. ನೋಡಿದವನು ಮೆಚ್ಚಿದರೆ ಬರುತ್ತಾನೆ, ಇಲ್ಲದಿದ್ದರೆ ಇಲ್ಲ. ಅಲ್ಲಿ ಕೊಳ್ಳುವುದು ಜನರ ಕಣ್ಣಿಗೆ ಬೀಳುವ ಅವಕಾಶವನ್ನು. ಇಲ್ಲಿ ಕೊಳ್ಳುವುದು ಇಲ್ಲದ ಜನರ ಸಾಕ್ಷ್ಯವನ್ನು.

ನಿಜವಾದ ಅನುಯಾಯಿಗಳನ್ನು ಪಡೆಯುವ ಮಾರ್ಗ ನಿಧಾನವಾದರೂ ಕಠಿನವಲ್ಲ. ಅಂಟು ಕರಿಯುವುದನ್ನು, ಪಾಕ ಬರುವುದನ್ನು, ತುಂಡು ಮಾಡುವುದನ್ನು ಇದ್ದಂತೆಯೇ ತೋರಿಸಬಹುದು. ತೂಕ, ಬೆಲೆ, ತಯಾರಿಸಿದ ದಿನಾಂಕ, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಪರವಾನಿಗೆ ಸಂಖ್ಯೆಗಳನ್ನು ಮರೆಮಾಚದೆ ಬರೆಯಬಹುದು. ಕೇಳಿದವರಿಗೆ ಅಂದೇ, ಕನ್ನಡದಲ್ಲಿಯೇ ಉತ್ತರಿಸಬಹುದು. ಕೊಂಡು ತೃಪ್ತರಾದವರನ್ನು ‘ನಿಮ್ಮ ಅನುಭವವನ್ನು ಎರಡು ಮಾತಿನಲ್ಲಿ ಬರೆಯಿರಿ’ ಎಂದು ವಿನಂತಿಸಬಹುದು. ದೂರು ಬಂದರೆ ಅಳಿಸದೆ ಸರಿಪಡಿಸಬಹುದು. ಹೀಗೆ ವರ್ಷದಲ್ಲಿ ಐದುನೂರೇ ಜನ ಕೂಡಿದರೂ ಆ ಐದುನೂರರ ಹಿಂದೆ ಐದುನೂರು ಮನೆಗಳಿರುತ್ತವೆ. ಇದಕ್ಕೆ ಈ ಸೀಮೆಯಲ್ಲಿಯೇ ನಿದರ್ಶನವುಂಟು. 1969ರಲ್ಲಿ ಸ್ಥಾಪಿತವಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ಹಳ್ಳಿಹಳ್ಳಿಗೆ ಬೆಳಕನ್ನು ಒಯ್ದುದು ಸದಸ್ಯರ ಬಲದಿಂದ. ಅಲ್ಲಿಯ ಸದಸ್ಯನು ಕೇವಲ ಸಂಖ್ಯೆಯಲ್ಲ. ಅವನಿಗೆ ಷೇರು ಇದೆ, ಮತವಿದೆ, ಸಭೆಯಲ್ಲಿ ಎದ್ದುನಿಂತು ಪ್ರಶ್ನಿಸುವ ಅಧಿಕಾರವಿದೆ. ಪ್ರಶ್ನಿಸಬಲ್ಲ ಜನರೇ ಯಾವ ಸಂಸ್ಥೆಗಾದರೂ ಆಧಾರ. ಕೊಂಡ ಅನುಯಾಯಿ ಎಂದೂ ದೂರು ಹೇಳುವುದಿಲ್ಲ; ಅದಕ್ಕಾಗಿಯೇ ಅವನು ನಿರುಪಯೋಗಿ.

ಈ ವಿಚಾರವು ಒಂದು ವಿದ್ಯಾಸಂಸ್ಥೆಯ ಸಂಚಿಕೆಯಲ್ಲಿ ಅಪ್ರಸ್ತುತವೆಂದು ಯಾರೂ ಭಾವಿಸಲಾಗದು. ಇಂದು ಅಂಗಡಿ ಮುಂಗಟ್ಟುಗಳನ್ನು ನಡೆಸುವ ಹಳೆಯ ವಿದ್ಯಾರ್ಥಿಗಳು ಎಷ್ಟೋ ಜನ; ನಾಳೆ ತಂದೆಯ ಗಲ್ಲೆಯ ಮೇಲೆ ಕೂಡ್ರುವ ಬಾಲಕರು ಈಗ ತರಗತಿಗಳಲ್ಲಿದ್ದಾರೆ. ಪರೀಕ್ಷೆಯಲ್ಲಿ ನಕಲು ಮಾಡಿ ಪಡೆದ ಅಂಕವು ವಿದ್ಯೆಯಲ್ಲವೆಂದು ಶಿಕ್ಷಕರು ಕಲಿಸುತ್ತ ಬಂದಿದ್ದಾರೆ. ಆ ಪಾಠವನ್ನೇ ಇನ್ನೊಂದು ಹೆಜ್ಜೆ ಮುಂದಕ್ಕೊಯ್ದು, ಕೊಂಡು ತಂದ ಸಂಖ್ಯೆಯು ಕೀರ್ತಿಯಲ್ಲವೆಂಬುದನ್ನೂ ಲೆಕ್ಕದ ತಾಸಿನಲ್ಲಿ ಶೇಕಡಾವಾರು ಹಾಕಿ ತೋರಿಸುವುದು ಕಷ್ಟವಲ್ಲ. ಸಹಕಾರಿ ಸಂಘಗಳಲ್ಲಿಯೂ ವರ್ತಕರ ಮಂಡಲಗಳಲ್ಲಿಯೂ ಹಿರಿತನದ ಸ್ಥಾನದಲ್ಲಿರುವ ದಾನಿಗಳು, ತರುಣನೊಬ್ಬನು ಸಾಲಕ್ಕೋ ನೆರವಿಗೋ ಬಂದಾಗ ‘ಅನುಯಾಯಿಗಳು ಎಷ್ಟು?’ ಎಂದು ಕೇಳುವ ಬದಲು ‘ಎರಡನೆಯ ಸಲ ಬಂದ ಗಿರಾಕಿಗಳು ಎಷ್ಟು?’ ಎಂದು ಕೇಳಲಿ. ಈ ಒಂದು ಪ್ರಶ್ನೆಯ ಬದಲಾವಣೆಯಿಂದಲೇ ಹುಸಿ ಸಂಖ್ಯೆಯ ಆಕರ್ಷಣೆ ಅರ್ಧ ಅಳಿಯುತ್ತದೆ. ತಾಲೂಕಿನ ವರ್ತಕರು ಕೂಡಿ, ಊರಿನ ಹೆಸರಿನಲ್ಲಿ ಮಾರುವವರಾರೂ ಅನುಯಾಯಿಗಳನ್ನಾಗಲಿ ಪ್ರಶಂಸೆಗಳನ್ನಾಗಲಿ ಕೊಳ್ಳಬಾರದೆಂದು ಒಂದು ಕಟ್ಟುಪಾಡು ಮಾಡಿಕೊಂಡರಂತೂ ಅದು ಇತರ ಊರುಗಳಿಗೂ ಮಾದರಿಯಾದೀತು.

ಹಿರಿಯರು ಊರಿನ ಹೆಸರಿಗೆ ಕೂಡಿಸಿಟ್ಟ ಪತ್ತು ಇಂದಿನ ಪೀಳಿಗೆಗೆ ಬಂದಿರುವುದು ಖರ್ಚು ಮಾಡುವುದಕ್ಕಲ್ಲ, ಬೆಳೆಸಿ ಮುಂದಿನವರ ಕೈಗೊಪ್ಪಿಸುವುದಕ್ಕೆ. ಹೊಸ ಬೀದಿಯಲ್ಲಿ ಅಂಗಡಿ ತೆರೆಯುವವನು ಹಳೆಯ ತಕ್ಕಡಿಯನ್ನೇ ಒಯ್ಯಲಿ.